ಖಾಲಿ ಜಾಗ ತೋರಿಸುತ್ತಿದ್ದ ಮೇಷ್ಟ್ರು

ನಮ್ಮಪ್ಪ ಮೇಷ್ಟ್ರು. ಪಟ್ಣದ ಪಕ್ಕದ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ 31 ವರ್ಷ ಸಮಾಜ ಪಾಠ ಹೇಳಿದವರು. ಪಟ್ಣ ಅಂದರೆ ನಮ್ಮ ಕಡೆ ಒಂದೇ, ಶ್ರೀರಂಗಪಟ್ಟಣ. ಪ್ರತಿ ವರ್ಷ ಏಳನೇ ಕ್ಲಾಸಿನ ಮಕ್ಕಳನ್ನು ಸಾಲು ಹಿಡಿಸಿ ಕೋಟೆ ತೋರಿಸಲು ಕರೆದುಕೊಂಡು ಹೋಗುತ್ತಿದ್ದರು. ಒಂದು ವರ್ಷ ಆ ಸಾಲಿನಲ್ಲಿ ನಾನೂ ಇದ್ದೆ. ರಂಗನಾಥನ ಗುಡಿಯ ಹತ್ತಿರದ ಬಯಲಿಗೆ ಬಂದಾಗ ಅಪ್ಪ ಎರಡೂ ಕೈ ಅಗಲಿಸಿ "ಇಲ್ಲಿ ಅರಮನೆ ಇತ್ತು" ಅಂದರು. ನಾವೆಲ್ಲ ಕತ್ತು ಚಾಚಿ ನೋಡಿದೆವು. ಹುಲ್ಲು, ಅಡಿಪಾಯದ ಕಲ್ಲು, ಮೇಯುತ್ತಿದ್ದ ಒಂದು ಮೇಕೆ. ಸ್ವಲ್ಪ ದೂರ ನಡೆಸಿ "ಇಲ್ಲಿ ಸುಲ್ತಾನರ ಹೆಣ ಸಿಕ್ಕಿತು" ಅಂದರು. ಅಲ್ಲೂ ಒಂದು ಕಲ್ಲು. ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: "ಸಾ, ಸಾಮಾನೆಲ್ಲ ಎಲ್ಲೋಯ್ತು ಸಾ?"

"ಸೀಮೆಗೆ ಹೋಯ್ತು ಕಣೋ" ಅಂದರು ಅಪ್ಪ.

ಸೀಮೆಸುಣ್ಣ, ಸೀಮೆಎಣ್ಣೆ, ಸೀಮೆಹಸು ಬಂದ ಕಡೆಗೆ. ನಾನೀಗ ಅದೇ ಸೀಮೆಯಲ್ಲಿದ್ದೇನೆ. ಬರ್ಮಿಂಗ್‌ಹ್ಯಾಮ್‌ಗೆ ಬಂದು ಏಳು ವರ್ಷವಾಯಿತು. ಕಳೆದ ಸೆಪ್ಟೆಂಬರಿನಲ್ಲಿ ಅಪ್ಪ ಮೊದಲ ಸಲ ಬಂದರು. ಲಂಡನ್ ತೋರಿಸಿದೆ, ಸರೋವರಗಳ ಕಡೆಗೆ ಹೋಗೋಣ ಅಂದೆ. ಅದಕ್ಕೆಲ್ಲ ಆಗಲಿ ಅಂದರು. ಆದರೆ ತಾವಾಗಿ ಬಾಯಿಬಿಟ್ಟು ಕೇಳಿದ್ದು ಒಂದೇ. "ವೇಲ್ಸಿನಲ್ಲಿ ಯಾವುದೋ ಕೋಟೆಯೊಳಗೆ ಟಿಪ್ಪು ಗುಡಾರ ಇಟ್ಟವರಂತಲ್ಲವ್ವ, ದೂರವೋ?"

ದೂರವೇನಲ್ಲ. ವೆಲ್ಷ್‌ಪೂಲ್ ಅನ್ನುವ ಪೇಟೆಯ ಅಂಚಿನಲ್ಲಿದೆ ಪೋವಿಸ್ ಕೋಟೆ. ಏಳು ವರ್ಷ ಇಷ್ಟು ಹತ್ತಿರದಲ್ಲಿದ್ದೂ ನಾನು ಹೋಗಿರಲಿಲ್ಲ. ಇಲ್ಲಿ ಕೋಟೆ ನೋಡುವುದು ವಾರಾಂತ್ಯದ ಸುಖ. ಬೆಳಿಗ್ಗೆ ಗೋಡೆ ಹತ್ತು, ಮಧ್ಯಾಹ್ನ ಪಬ್ಬಿನಲ್ಲಿ ಕೂರು, ಮಳೆ ಬಂದರೆ ಇನ್ನೊಂದು ಗಂಟೆ ಕೂರು. ಗೆಳತಿಯರ ಜೊತೆ ಹಾಗೆ ಎಷ್ಟೋ ಕೋಟೆ ನೋಡಿದ್ದೇನೆ. ಪೋವಿಸ್‌ಗೆ ಮಾತ್ರ ಅವರ ಜೊತೆ ಹೋಗಲು ಮನಸ್ಸು ಬಂದಿರಲಿಲ್ಲ. ಅಲ್ಲಿರುವುದನ್ನು ಮೊದಲ ಸಲ ನೋಡುವಾಗ ಪಕ್ಕದಲ್ಲಿ ನಮ್ಮೂರಿನವರು ಯಾರಾದರೂ ಇರಬೇಕು ಅನ್ನಿಸುತ್ತಿತ್ತು.

ಶನಿವಾರ ಲಡ್ಲೋ, ಭಾನುವಾರ ಪೋವಿಸ್ ಅಂತ ಗೊತ್ತು ಮಾಡಿಕೊಂಡು ಹೊರಟೆವು.

ಲಡ್ಲೋ ಇಂಗ್ಲೆಂಡಿನ ಗಡಿಯ ಊರು. ಅದರಾಚೆ ವೇಲ್ಸಿನ ಗುಡ್ಡಗಳು. 11ನೇ ಶತಮಾನದ ಕೊನೆಯಲ್ಲಿ ನಾರ್ಮನ್ನರು ಟೀಮ್ ಹೊಳೆಯ ಮೇಲಿನ ದಿಬ್ಬದಲ್ಲಿ ಕೋಟೆ ಕಟ್ಟಿದರು. ವೇಲ್ಸಿನ ಆಡಳಿತ ಬಹಳ ಕಾಲ ಇಲ್ಲಿಂದಲೇ ನಡೆಯಿತು. ಆ ಆಡಳಿತ ಮಂಡಳಿಯನ್ನು 1689ರಲ್ಲಿ ಎತ್ತಿದ ಮೇಲೆ ಕೋಟೆ ಪಾಳುಬಿತ್ತು. ಈಗ ಸೂರಿಲ್ಲದ ದೊಡ್ಡ ದೊಡ್ಡ ಕೋಣೆಗಳು, ಗೋಡೆಯಲ್ಲಿ ಅರ್ಧದಲ್ಲೇ ನೇತಾಡುವ ಬೆಂಕಿಗೂಡುಗಳು, ಒಳಗಡೆ ಗುಂಡನೆಯ ಒಂದು ಹಳೇ ಪ್ರಾರ್ಥನಾಗೃಹ. ಇಲ್ಲಿನ ರಾಜ ಏಳನೇ ಹೆನ್ರಿಯ ಹಿರಿಮಗ ಆರ್ಥರ್ 1502ರಲ್ಲಿ ತೀರಿಕೊಂಡದ್ದು ಇದೇ ಕೋಟೆಯಲ್ಲಿ. ಆಗ ಅವನಿಗಿನ್ನೂ 15 ವರ್ಷ. ಅವನ ತಮ್ಮನೇ ಮುಂದೆ ಎಂಟನೇ ಹೆನ್ರಿಯಾದ. "ಆ ಹುಡುಗ ಬದುಕಿದ್ದಿದ್ರೆ ಈ ದೇಶದ ಕತೆಯೇ ಬೇರೆ" ಅಂತ ಅಪ್ಪ ಗೋಡೆಗೆ ಕೈಯಿಟ್ಟು ನಿಂತರು. ಮಂಡಿನೋವು ಲೆಕ್ಕಿಸದೆ ಬುರುಜಿನ ಸುರುಳಿ ಮೆಟ್ಟಿಲು ಹತ್ತಿ ಮೇಲಿಂದ ಹೊಳೆ ನೋಡಿದರು. ಕೋಟೆ ಅಂದರೆ ಅವರಿಗೆ ಯಾವ ದೇಶದ್ದಾದರೂ ಸರಿ, ಮೊದಲು ನೀರು ಎಲ್ಲಿದೆ ನೋಡಬೇಕು, ಆಮೇಲೆ ಶತ್ರು ಯಾವ ಕಡೆಯಿಂದ ಬರಬಹುದು ಯೋಚಿಸಬೇಕು.

ಸಂಜೆ ಪಬ್ಬಿಗೆ ಕರೆದುಕೊಂಡು ಹೋದೆ. ಈ ಒಂದು ವಿಷಯಕ್ಕೆ ನನಗೆ ಒಳಗೊಳಗೇ ಅಳುಕಿತ್ತು. ಅಪ್ಪ ಕುಡಿದವರಲ್ಲ. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಲ್ಲಿಸುವ ತನಕ ನಮ್ಮೂರಿನ ಸಾರಾಯಿ ಅಂಗಡಿ ಶಾಲೆಯ ಕೂಗಳತೆಯಲ್ಲೇ ಇತ್ತು. ಕೂಲಿ ಸಿಕ್ಕ ದಿನ ಅಪ್ಪಂದಿರು ಎಲ್ಲಿ ಬಿದ್ದಿದ್ದಾರೆ ಅಂತ ಮಕ್ಕಳು ಕ್ಲಾಸು ಬಿಟ್ಟು ಹುಡುಕಿಕೊಂಡು ಹೋಗುತ್ತಿದ್ದುದನ್ನು ಅವರು ಕಣ್ಣಾರೆ ಕಂಡವರು. ಕುಡಿಯುವ ಜಾಗ ಅಂದರೆ ಅವರಿಗೆ ಅದೇ.

ಬಾಗಿಲು ದೂಡಿದರೆ ಕಂಡದ್ದು ಬೇರೆ. ತಗ್ಗು ಸೂರು, ಕರಿ ಮರದ ತೊಲೆಗಳು. ಕಿಟಕಿ ಪಕ್ಕ ಒಬ್ಬ ಅಜ್ಜಿ ಉಣ್ಣೆ ಹೆಣೆಯುತ್ತಾ ಕೂತಿದ್ದಾರೆ. ಮೇಜಿನ ಕೆಳಗೆ ಒಂದು ನಾಯಿ ಮಲಗಿದೆ. ಒಂದು ಮಗು ಆಲೂಗಡ್ಡೆ ಚಿಪ್ಸ್ ತಿನ್ನುತ್ತಿದೆ. ಅಪ್ಪ ಒಂದು ನಿಮಿಷ ಬಾಗಿಲಲ್ಲೇ ನಿಂತರು. ಆಮೇಲೆ ಒಳಗೆ ಬಂದು ಕೂತು, ಯಾರಾದರೂ ಬಂದು ಏನು ಬೇಕು ಕೇಳಲಿ ಅಂತ ಕಾದರು. ಇಲ್ಲಿ ಹಾಗಲ್ಲ, ನಮ್ಮ ದರ್ಶಿನಿಯ ಹಾಗೆ ಕೌಂಟರಿಗೆ ಹೋಗಿ ಹೇಳಿ, ದುಡ್ಡು ಕೊಟ್ಟು, ನಾವೇ ತಂದುಕೊಳ್ಳಬೇಕು. ಸಾಲು ನಿಲ್ಲುವುದಿಲ್ಲ, ಆದರೂ ಯಾರು ಮೊದಲು ಬಂದರು ಅನ್ನುವುದು ಕೌಂಟರಿನ ಹಿಂದೆ ಇರುವವರಿಗೆ ಗೊತ್ತಿರುತ್ತದೆ. ಮರದ ಹಿಡಿಕೆಯ ಕೈಪಂಪು ಜಗ್ಗಿ ನೆಲಮಾಳಿಗೆಯ ಪೀಪಾಯಿಯಿಂದ ಬಿಯರ್ ಎತ್ತುತ್ತಾರೆ, ಬೋರ್‌ವೆಲ್ ಜಗ್ಗಿದ ಹಾಗೇ. ಒಂದು ಪೈಂಟ್ ಅಂದರೆ 568 ಮಿಲಿಲೀಟರು.

ಇಬ್ಬರಿಗೂ ಜಿಂಜರ್ ಬಿಯರ್ ತರುತ್ತೇನೆ, ಹೆಸರಿಗಷ್ಟೇ ಬಿಯರ್, ಶುಂಠಿ ನೀರು ಅಷ್ಟೇ ಅಂದೆ. ಅಪ್ಪ ನನ್ನ ಮುಖ ನೋಡಿದರು.

"ನೀನು ಯಾವಾಗಲೂ ಏನು ತಗೋತೀಯೋ ಅದನ್ನೇ ತಗೊಳ್ಳವ್ವ. ನಾನಿಲ್ಲಿ ಮೇಷ್ಟ್ರಾಗಿ ಬಂದಿಲ್ಲ."

ಅರ್ಧ ಪೈಂಟ್ ಬಿಟರ್ ಬಿಯರ್ ತಂದುಕೊಂಡೆ. ಅಪ್ಪನ ಎದುರು ಮೊದಲ ಗುಟುಕು ನುಂಗಿದಾಗ ಕಣ್ಣು ಮಂಜಾಯಿತು. 34 ವರ್ಷಕ್ಕೆ ಅಪ್ಪ ನನ್ನನ್ನು ದೊಡ್ಡವಳೆಂದು ಕಂಡರು ಅನ್ನಿಸಿತು. ಆ ರಾತ್ರಿ ಅಮ್ಮನ ಬಗ್ಗೆ, ಮನೆಯ ಸಾಲದ ಬಗ್ಗೆ, ನಾನು ವಾಪಸು ಬರುತ್ತೇನೋ ಇಲ್ಲವೋ ಅನ್ನುವ ಬಗ್ಗೆ ಫೋನಿನಲ್ಲಿ ಏಳು ವರ್ಷದಿಂದ ಆಡಲಾಗದ್ದನ್ನೆಲ್ಲ ಮಾತಾಡಿದೆವು. ಕೊನೆಗೆ ಕೌಂಟರಿನಲ್ಲಿ ಹಿತ್ತಾಳೆ ಗಂಟೆ ಬಾರಿಸಿದರು, ಇನ್ನು ಕೇಳುವುದಿದ್ದರೆ ಇದೇ ಕೊನೆ ಅನ್ನುವ ಸೂಚನೆಗೆ. ಗಂಟೆ ಕೇಳಿದ್ದೇ ತಡ ಅಪ್ಪ ಕುರ್ಚಿಯಿಂದ ಎದ್ದು ನಿಂತರು. 31 ವರ್ಷದ ಅಭ್ಯಾಸ.

ಭಾನುವಾರ ಬೆಳಿಗ್ಗೆ ಶ್ರೂಸ್‌ಬರಿಯಲ್ಲಿ ಟ್ರೇನು ಬದಲಿಸಬೇಕಿತ್ತು. ನಡುವೆ ಸಮಯವಿತ್ತು, ಊರಿನ ಚೌಕಕ್ಕೆ ಹೋದೆವು. ಅಲ್ಲಿ ರಾಬರ್ಟ್ ಕ್ಲೈವನ ಪ್ರತಿಮೆ ಇದೆ. ಪಾಠದ ಪುಸ್ತಕದ ಕ್ಲೈವ್, ಈಸ್ಟ್ ಇಂಡಿಯಾ ಕಂಪನಿಗೆ 1751ರಲ್ಲಿ ಆರ್ಕಾಟು, 1757ರಲ್ಲಿ ಪ್ಲಾಸಿ ಗೆದ್ದುಕೊಟ್ಟವನು. ಹುಟ್ಟಿದ್ದು ಇದೇ ಜಿಲ್ಲೆಯಲ್ಲಿ, ಈ ಊರಿಗೆ ಮೇಯರೂ ಆಗಿದ್ದವನು. ಪ್ರತಿಮೆ ನಿಂತದ್ದು 1860ರಲ್ಲಿ. 2020ರಲ್ಲಿ ಅದನ್ನು ತೆಗೆಯಬೇಕು ಅಂತ ಸಾವಿರಾರು ಜನ ಸಹಿ ಹಾಕಿದರು, ಜಿಲ್ಲೆಯ ಆಡಳಿತ ಉಳಿಸಿಕೊಂಡಿತು. ಅಪ್ಪ ಸುತ್ತ ಒಂದು ಸುತ್ತು ಬಂದರು, ಏನೂ ಹೇಳಲಿಲ್ಲ.

ವೆಲ್ಷ್‌ಪೂಲ್ ನಿಲ್ದಾಣದಲ್ಲಿ ಇಳಿದರೆ ಬೋರ್ಡಿನಲ್ಲಿ ಎರಡು ಭಾಷೆ. ವೇಲ್ಸಿನ ಭಾಷೆಯಲ್ಲಿ ಊರಿನ ಹೆಸರು ಅ ತ್ರಾಲ್ಲುಂಗ್. ರಸ್ತೆಯ ಮೇಲೆ ನಿಧಾನ ಅನ್ನುವುದಕ್ಕೆ 'ಅರಾವ್' ಅಂತ ಬರೆದಿತ್ತು. 2021ರ ಜನಗಣತಿಯಲ್ಲಿ ವೇಲ್ಸಿನ 17.8 ಶೇಕಡ ಜನ ತಮಗೆ ಆ ಭಾಷೆ ಬರುತ್ತದೆ ಅಂದಿದ್ದರು, ಸುಮಾರು 5,38,000 ಮಂದಿ. "ನಮ್ಮ ಮಂಡ್ಯ ಜಿಲ್ಲೆಯ ಮೂರನೇ ಒಂದು ಪಾಲೂ ಇಲ್ಲ, ಆದ್ರೂ ರಸ್ತೆ ಮೇಲೆ ಬರೆಸಿಕೊಂಡವ್ರೆ ನೋಡು" ಅಂದರು ಅಪ್ಪ. ಈ ಮಾತಿನಲ್ಲಿ ಮೆಚ್ಚುಗೆಯೂ ಇತ್ತು, ನಮ್ಮವರ ಮೇಲಿನ ಸಂಕಟವೂ ಇತ್ತು.

ಪೋವಿಸ್ ಕೋಟೆ ಕೆಂಪು ಕಲ್ಲಿನದು. ಕೆಂಪು ಕೋಟೆ ಅಂತಲೇ ವೇಲ್ಸಿನವರು ಕರೆಯುತ್ತಾರೆ. ಜಿಂಕೆ ಮೇಯುವ ಹುಲ್ಲುಗಾವಲಿನಲ್ಲಿ ನಡೆದು ಮೇಲೆ ಬಂದರೆ, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟ, ಮೂರು ಶತಮಾನ ಬೆಳೆದು ಮೋಡದ ಆಕಾರಕ್ಕೆ ಕತ್ತರಿಸಿಕೊಂಡ ಯೂ ಮರದ ಬೇಲಿಗಳು. ಅಂಗಳದಲ್ಲಿ ನವಿಲು ಓಡಾಡುತ್ತಿದ್ದವು. ತೋಟ ನಿಜಕ್ಕೂ ಸುಂದರ. ಆದರೆ ಅಪ್ಪ ತೋಟದ ಕಡೆ ತಿರುಗಲಿಲ್ಲ.

ಇಲ್ಲಿಗೆ ನಮ್ಮೂರಿನ ಸಾಮಾನು ಬಂದದ್ದು ಒಂದು ಮದುವೆಯಿಂದ. ಪೋವಿಸ್‌ನ ಹರ್ಬರ್ಟ್ ಮನೆತನದ ಹೆನ್ರಿಯೆಟ್ಟಾಳನ್ನು 1784ರಲ್ಲಿ ಕ್ಲೈವನ ಮಗ ಎಡ್ವರ್ಡ್ ಮದುವೆಯಾದ. ಈ ಮನೆತನಕ್ಕೆ ಹೆಸರಿತ್ತು, ಆ ಮನೆತನಕ್ಕೆ ಇಂಡಿಯಾದ ದುಡ್ಡಿತ್ತು. ಎಡ್ವರ್ಡ್ 1798ರಲ್ಲಿ ಮದರಾಸಿನ ಗವರ್ನರನಾಗಿ ಬಂದ. ಮರುವರ್ಷ ಮೇ 4ರಂದು ಪಟ್ಣ ಬಿತ್ತು. 1800ರಲ್ಲಿ ಹೆನ್ರಿಯೆಟ್ಟಾ ಇಬ್ಬರು ಹೆಣ್ಣುಮಕ್ಕಳನ್ನೂ ಆನ್ನಾ ತೊನೆಲ್ಲಿ ಅನ್ನುವ ಇಟಲಿಯ ಚಿತ್ರಗಾರ್ತಿಯನ್ನೂ ಕಟ್ಟಿಕೊಂಡು ದಕ್ಷಿಣದಲ್ಲೆಲ್ಲ ತಿರುಗಾಡಿದಳು. ಬೆಂಗಳೂರಿನಲ್ಲಿ ಟಿಪ್ಪುವಿನ ಅರಮನೆಯಲ್ಲೇ ಉಳಿದಳು, ಪಟ್ಣಕ್ಕೂ ಹೋದಳು. ಚಿಕ್ಕ ಮಗಳು ಷಾರ್ಲಟ್ ದಿನಚರಿ ಬರೆದಿಟ್ಟಳು. ಆ ಹುಡುಗಿಯೇ ದೊಡ್ಡವಳಾಗಿ ರಾಣಿಯಾಗಲಿದ್ದ ವಿಕ್ಟೋರಿಯಾಗೆ ಪಾಠ ಹೇಳಲು ನೇಮಕವಾದಳು. ಪಟ್ಣದ ಬಯಲು ನನ್ನ ಹಾಗೇ ಆ ವಯಸ್ಸಿನಲ್ಲಿ ನೋಡಿದವಳು. ನಾನು ನೋಡುವಾಗ ಮೇಕೆ ಇತ್ತು, ಅವಳು ನೋಡುವಾಗ ಅರಮನೆ ಇತ್ತು.

ಮ್ಯೂಸಿಯಂ ಕೋಣೆಯಲ್ಲಿ ಬೆಳಕು ಕಡಿಮೆ, ಹಳೇ ಬಟ್ಟೆಯ ಬಣ್ಣ ಹಾಳಾಗದಿರಲಿ ಅಂತ. ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ನಿಧಾನಕ್ಕೆ ಒಂದೊಂದೇ ಹೂವು ಎದ್ದು ಬಂತು.

ಯುದ್ಧದ ಗುಡಾರ ಅಂದರೆ ದಪ್ಪ ಗೋಣಿಯಂಥ ಬಟ್ಟೆ ಅಂದುಕೊಂಡಿದ್ದೆ. ಇದು ಹತ್ತಿಯ ಚೀಟಿಬಟ್ಟೆ. ಬಿಳಿಯ ಮೈಮೇಲೆ ಕಮಾನಿನ ಸಾಲು, ಪ್ರತಿ ಕಮಾನಿನೊಳಗೆ ಒಂದು ಹೂದಾನಿ, ಅದರಿಂದ ಎಡಕ್ಕೂ ಬಲಕ್ಕೂ ಸರಿಸಮನಾಗಿ ಚಿಮ್ಮುವ ಕೆಂಪು ಹೂ, ಹಸಿರು ಎಲೆ. ಅಪ್ಪ ಕೈಯೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಹತ್ತಿಯ ಮೇಲೆ ಬಣ್ಣ ಕಚ್ಚಿ ನಿಲ್ಲುವುದು ಸುಲಭವಲ್ಲ. ಮೊದಲು ಬಟ್ಟೆಗೆ ಚೊಗರಿನ ರಸ ಕುಡಿಸಬೇಕು, ಪಟಿಕದ ನೀರಿನಿಂದ ಗೆರೆ ಎಳೆಯಬೇಕು, ಆಮೇಲೆ ಬೇರಿನ ಕೆಂಪಿನಲ್ಲಿ ಕುದಿಸಬೇಕು. ಆಗ ಗೆರೆ ಎಳೆದಲ್ಲಿ ಮಾತ್ರ ಬಣ್ಣ ಹಿಡಿದು, ಎಷ್ಟು ಒಗೆದರೂ ಹೋಗುವುದಿಲ್ಲ. ಯುರೋಪಿನವರಿಗೆ ಈ ವಿದ್ಯೆ ಬಹಳ ಕಾಲ ಗೊತ್ತಿರಲಿಲ್ಲ. ನಮ್ಮ ಚೀಟಿಬಟ್ಟೆಗೆ ಇಲ್ಲಿನ ಹೆಂಗಸರು ಎಷ್ಟು ಮರುಳಾದರೆಂದರೆ, ಇಲ್ಲಿನ ಉಣ್ಣೆ, ರೇಷ್ಮೆಯ ನೇಕಾರರು ಗಲಾಟೆ ಎಬ್ಬಿಸಿ, 1721ರ ಕಾಯ್ದೆಯಲ್ಲಿ ಅದನ್ನು ಉಡುವುದನ್ನೇ ಬ್ರಿಟನ್ನು ನಿಷೇಧಿಸಿತ್ತು. ಗುಡಾರದ ಬಟ್ಟೆ 1725ರಿಂದ 1750ರ ನಡುವಿನದು ಅನ್ನುತ್ತಾರೆ. ಅಂದರೆ ಈ ಹೂಗಳನ್ನು ಯಾರೋ ಬಗ್ಗಿ ಕೂತು ಬರೆಯುತ್ತಿದ್ದಾಗ ಇಲ್ಲಿ ಇಂಥದ್ದನ್ನು ಉಟ್ಟರೆ ಅಪರಾಧ.

ಇಸವಿ ಓದಿ ಅಪ್ಪ ತಿರುಗಿದರು. "ಟಿಪ್ಪು ಹುಟ್ಟೋದಕ್ಕೂ ಮುಂಚಿನದು ಕಣವ್ವ ಇದು. ಅವರ ಕೈಗೂ ಇನ್ಯಾರದೋ ಕೈಯಿಂದ ಬಂದಿರಬೇಕು."

ಅಪ್ಪನ ಈ ಗುಣವೇ ನನಗೆ ಇಷ್ಟ. ಟಿಪ್ಪು ಅಂದರೆ ನಮ್ಮ ರಾಜ್ಯದಲ್ಲಿ ಈಗ ಮಾತಿಗೆ ಮೊದಲೇ ಜಗಳ. ಅಪ್ಪ ಕ್ಲಾಸಿನಲ್ಲಿ ರಾಕೆಟ್ಟನ್ನೂ ಹೇಳುತ್ತಿದ್ದರು, ರೇಷ್ಮೆಯನ್ನೂ ಹೇಳುತ್ತಿದ್ದರು, ಕೊಡಗಿನವರ ನೋವನ್ನೂ ಹೇಳುತ್ತಿದ್ದರು. ಮೇಲುಕೋಟೆಯ ಮಂಡ್ಯಂ ಅಯ್ಯಂಗಾರರ ಮನೆಗಳಲ್ಲಿ ನರಕಚತುರ್ದಶಿ ಯಾಕೆ ಮಾಡುವುದಿಲ್ಲ, ಆ ದಿನ ಟಿಪ್ಪು ತಮ್ಮ ಹಿರಿಯರನ್ನು ಕೊಲ್ಲಿಸಿದ ಅಂತ ಅವರೇ ಹೇಳುವ ಮಾತನ್ನು ಅವರ ಬಾಯಿಂದಲೇ ಕೇಳಿಸಲು ಮಕ್ಕಳನ್ನು ಮೇಲುಕೋಟೆಗೂ ಕರೆದುಕೊಂಡು ಹೋಗಿದ್ದರು. ಎರಡೂ ಕಡೆಯವರು ಅವರನ್ನು ಬೈದದ್ದುಂಟು.

ಪಕ್ಕದಲ್ಲಿ ಸಿಂಹಾಸನದ ಹುಲಿ. ಮುಷ್ಟಿಗಿಂತ ಚಿಕ್ಕದು. ಚಿನ್ನದ ತಲೆ, ಅದರ ತುಂಬ ಮಾಣಿಕ್ಯ, ವಜ್ರ, ಪಚ್ಚೆ. ಪಟ್ಣ ಬಿದ್ದ ಮೇಲೆ ಸೇನೆಯ ಲೂಟಿ ಹಂಚುವ ಸಮಿತಿ ಸಿಂಹಾಸನವನ್ನು ಒಡೆದು ಚೂರು ಚೂರು ಮಾಡಿತು. ದೊಡ್ಡ ಹುಲಿಯ ತಲೆಯೂ ಮೇಲಿದ್ದ ಹುಮಾ ಹಕ್ಕಿಯೂ ಇಲ್ಲಿನ ರಾಜಮನೆತನದ ಸಂಗ್ರಹ ಸೇರಿದವು. ಸುತ್ತಲಿನ ಕಟಕಟೆಯಲ್ಲಿದ್ದ ಪುಟ್ಟ ಹುಲಿಗಳು ಎಲ್ಲೆಲ್ಲಿಗೋ ಹೋದವು. ಲೂಟಿ ಅನ್ನುವ ನಮ್ಮ ಮಾತನ್ನೂ ಇಂಗ್ಲಿಷರು ಇಂಡಿಯಾದಿಂದಲೇ ತಮ್ಮ ಭಾಷೆಗೆ ತೆಗೆದುಕೊಂಡರು. ಅಂಥ ಇನ್ನೊಂದು ಹುಲಿ ಹೊರದೇಶಕ್ಕೆ ಮಾರಾಟವಾಗುತ್ತದೆ ಅಂದಾಗ 2021ರಲ್ಲಿ ಇಲ್ಲಿನ ಸರ್ಕಾರ ತಾತ್ಕಾಲಿಕವಾಗಿ ತಡೆಯಿತು. 15 ಲಕ್ಷ ಪೌಂಡಿನ ಆ ವಸ್ತು ಈ ದೇಶದಲ್ಲೇ ಉಳಿಯಲಿ, ಕೊಳ್ಳುವವರು ಮುಂದೆ ಬರಲಿ ಅಂತ. 2023ರಲ್ಲಿ ಟಿಪ್ಪುವಿನ ಒಂದು ಕತ್ತಿ ಲಂಡನ್ನಿನ ಹರಾಜಿನಲ್ಲಿ 1.4 ಕೋಟಿ ಪೌಂಡಿಗೆ ಹೋಯಿತು. ಇವೆಲ್ಲ ಮುಗಿದ ಕತೆ ಅನ್ನುವವರಿಗೆ ನಾನು ಈ ಎರಡು ಇಸವಿಗಳನ್ನು ಹೇಳುತ್ತೇನೆ.

ಗುಡಾರವನ್ನು ಈ ಮನೆಯವರು ಮುಂದೆ ತೋಟದ ಪಾರ್ಟಿಗಳಿಗೆ ಬಳಸುತ್ತಿದ್ದರಂತೆ. ಇದನ್ನು ತಿಳಿದಾಗ ನನಗೆ ಸಿಟ್ಟು ಬಂತು, ಅಪ್ಪನಿಗೆ ಬರಲಿಲ್ಲ. ಅವರು ಜೇಬಿನಿಂದ ಹಿಂದಿನ ದಿನದ ಲಡ್ಲೋ ಕೋಟೆಯ ಚೀಟಿ ತೆಗೆದು ಬೆರಳಿಟ್ಟು ತೋರಿಸಿದರು. 1811ರಲ್ಲಿ ಲಡ್ಲೋ ಕೋಟೆಯನ್ನು ಅರಸೊತ್ತಿಗೆಯಿಂದ ಕೊಂಡವನೂ ಇದೇ ಎಡ್ವರ್ಡ್ ಕ್ಲೈವ್. ಆಗ ಅವನಿಗೆ ಪೋವಿಸ್‌ನ ಅರ್ಲ್ ಅನ್ನುವ ಪದವಿ ಬಂದಿತ್ತು. ಇಂದಿಗೂ ಅದು ಆ ಮನೆತನದ್ದೇ. ನಿನ್ನೆ ಅಪ್ಪ ಅಷ್ಟು ಖುಷಿಯಿಂದ ಹತ್ತಿದ ಬುರುಜು ಕೂಡ.

ಪೋವಿಸ್ ಈಗ ಹಳೇ ಮನೆ, ಕೋಟೆಗಳನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆಯ ಕೈಯಲ್ಲಿದೆ. ತಮ್ಮ 93 ಜಾಗಗಳಿಗೆ ವಸಾಹತು ಮತ್ತು ಗುಲಾಮಗಿರಿಯ ನಂಟಿದೆ ಅಂತ 2020ರಲ್ಲಿ ಅವರೇ ವರದಿ ಬರೆದು ಪ್ರಕಟಿಸಿದರು, ಅದಕ್ಕೆ ಇಲ್ಲಿಯವರಿಂದಲೇ ಬೈಗುಳವನ್ನೂ ತಿಂದರು. ಅಷ್ಟು ನೇರವಾಗಿ ಒಪ್ಪಿಕೊಂಡದ್ದನ್ನು ನಾನು ಗೌರವಿಸುತ್ತೇನೆ. ಆದರೆ ನನಗೆ ಬೇಕಾದದ್ದು ಅದಕ್ಕಿಂತ ಒಂದು ಹೆಜ್ಜೆ ಹೆಚ್ಚು. ಈ ಗುಡಾರ ಒಂದೇ ಒಂದು ವರ್ಷದ ಮಟ್ಟಿಗಾದರೂ ಪಟ್ಣದ ದರಿಯಾ ದೌಲತ್ ಅರಮನೆಯಲ್ಲಿ ನಿಲ್ಲಬೇಕು. ಗಂಜಾಮಿನ, ಪಾಲಹಳ್ಳಿಯ, ಕಿರಂಗೂರಿನ ಮಕ್ಕಳು ಸಾಲು ಹಿಡಿದು ಬಂದು ನೋಡಬೇಕು. ವೀಸಾ ಇಲ್ಲದೆ, ನಾನು ಕೊಟ್ಟ ಟಿಕೆಟ್ ದುಡ್ಡಿಲ್ಲದೆ. ಬಯಲು ತೋರಿಸಿ ಅರಮನೆ ಅನ್ನುವ ಕಷ್ಟ ಯಾವ ಮೇಷ್ಟ್ರಿಗೂ ಬೇಡ.

ಹೊರಗೆ ಬಂದಾಗ ಮಧ್ಯಾಹ್ನ ಎರಡು ದಾಟಿತ್ತು. ಪೇಟೆಯಲ್ಲಿ ಒಂದು ಪಬ್ಬಿಗೆ ಹೋದೆವು. ಭಾನುವಾರದ ರೋಸ್ಟ್ ಊಟದ ಹೊತ್ತು, ಜಾಗವಿರಲಿಲ್ಲ. ಒಬ್ಬರೇ ಕೂತಿದ್ದ ಒಬ್ಬ ಹಿರಿಯರು ತಮ್ಮ ಮೇಜಿಗೆ ಕರೆದರು. ಕುರಿ ಸಾಕುವವರು. ವೆಲ್ಷ್‌ಪೂಲಿನ ಕುರಿಸಂತೆ ಯುರೋಪಿನ ದೊಡ್ಡ ಕುರಿಸಂತೆಗಳಲ್ಲೊಂದು. ಇನ್ನು ಮಂಡ್ಯದ ಗೌಡರಿಗೆ ಮಾತಿಗೆ ಏನು ಬೇಕು? ಅಪ್ಪ ಫೋನಿನಲ್ಲಿ ಬನ್ನೂರು ಕುರಿ ತೋರಿಸಿದರು, ಕುಳ್ಳನೆ, ದುಂಡಗೆ, ಹಿಂದಿನಿಂದ ನೋಡಿದರೆ ಕಾಲುಗಳ ನಡುವೆ ಬೋರಲು ಕಮಾನು. ಅವರು ಕೆರಿ ಹಿಲ್ ಕುರಿ ತೋರಿಸಿದರು, ಬಿಳಿ ಮುಖ, ಕಣ್ಣ ಸುತ್ತ ಕಾಡಿಗೆ ಹಚ್ಚಿದ ಹಾಗೆ ಕಪ್ಪು. ಕೊಬ್ಬು ಮಾಂಸದ ಒಳಗೇ ಎಳೆ ಎಳೆಯಾಗಿ ಕೂತಿರಬೇಕು ಅನ್ನುವುದರಲ್ಲಿ ಇಬ್ಬರಿಗೂ ಒಮ್ಮತ. ಅವರ ಉಚ್ಚಾರ ಅಪ್ಪನಿಗೆ ಅರ್ಧ ತಿಳಿಯದು, ಅಪ್ಪನ ಮೇಷ್ಟ್ರ ಇಂಗ್ಲಿಷು ಅವರಿಗೆ ಪೂರ್ತಿ ತಿಳಿಯಿತು. ಗ್ಲಾಸು ಎತ್ತುವಾಗ 'ಯೆಖಿದ್ ದಾ' ಅನ್ನಬೇಕು, ಒಳ್ಳೇ ಆರೋಗ್ಯ ಅಂತ ಅರ್ಥ ಅಂತ ಹೇಳಿಕೊಟ್ಟರು. ಅಪ್ಪ ಜಿಂಜರ್ ಬಿಯರ್ ಎತ್ತಿ ಮೂರು ಸಲ ಹೇಳಿ ಕಲಿತರು.

ಇಷ್ಟು ದೂರ ಏನು ನೋಡಲು ಬಂದಿರಿ ಅಂತ ಅವರು ಕೇಳಿದರು. ಗುಡಾರ ಅಂದರು ಅಪ್ಪ.

"ಓ, ಟಿಪ್ಪುವಿನ ಗುಡಾರ. ಶಾಲೆಯಲ್ಲಿದ್ದಾಗ ನಮ್ಮನ್ನೂ ಕರೆದುಕೊಂಡು ಹೋಗಿದ್ದರು. ಯಾರೋ ರಾಜ ಉಡುಗೊರೆ ಕೊಟ್ಟದ್ದು ಅಂದುಕೊಂಡಿದ್ದೇನೆ ನಾನು."

ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಮೇಜಿನ ಕೆಳಗೆ ನನ್ನ ಕೈ ಅದುಮಿದರು. ಗ್ಲಾಸಿನಡಿ ಇಡುವ ರಟ್ಟಿನ ಬಿಲ್ಲೆಯೊಂದನ್ನು ಎಳೆದುಕೊಂಡು ಬೋರಲು ಹಾಕಿ, ನನ್ನ ಪೆನ್ನು ಕೇಳಿದರು. ಒಂದು ಗೆರೆ ಎಳೆದು ಅದನ್ನು ಎರಡಾಗಿ ಸೀಳಿ ಮತ್ತೆ ಕೂಡಿಸಿದರು. ಕಾವೇರಿ. ನಡುವಿನ ನಡುಗಡ್ಡೆಯ ಪಶ್ಚಿಮದ ತುದಿಗೆ ಕೋಟೆ. ಮೇ ತಿಂಗಳು, ನೀರು ಕಡಿಮೆ, ಇಲ್ಲಿ ಗೋಡೆ ಒಡೆದರು, ಮಧ್ಯಾಹ್ನದ ಬಿಸಿಲಲ್ಲಿ ಹೊಳೆ ದಾಟಿ ನುಗ್ಗಿದರು. ಇಲ್ಲಿ ಸುಲ್ತಾನರು ಸತ್ತರು. ಇಲ್ಲಿ ಗುಡಿ, ಅದಕ್ಕೆ ಏನೂ ಆಗಲಿಲ್ಲ. ಇಲ್ಲಿ ಅರಮನೆ. ಈ ಮೂಲೆಯಲ್ಲಿ, ನದಿ ಆಚೆ, ನಮ್ಮ ಮನೆ. 31 ವರ್ಷ ಹೇಳಿದ ಪಾಠವನ್ನು ಏಳನೇ ಕ್ಲಾಸಿಗೆ ಹೇಳಿದಷ್ಟೇ ನಿಧಾನವಾಗಿ, ಒಂದು ಗಡುಸು ಮಾತಿಲ್ಲದೆ, ಒಂದನ್ನೂ ಬಿಡದೆ ಹೇಳಿದರು. ಆ ಹಿರಿಯರು ಬಿಯರ್ ಮುಟ್ಟದೆ ಕೇಳಿದರು. ಕೇಳಿ ಮುಗಿದ ಮೇಲೆ ಬಹಳ ಹೊತ್ತು ಆ ರಟ್ಟನ್ನೇ ನೋಡುತ್ತಾ ಕೂತಿದ್ದರು.

ನಮ್ಮ ಟ್ರೇನಿಗೆ ಹೊತ್ತಾಯಿತು. ಎದ್ದಾಗ ಅವರು ಬಿಲ್ಲೆಯನ್ನು ಬೆರಳಿನಿಂದ ತಟ್ಟಿ, ಇದನ್ನು ನಾನು ಇಟ್ಟುಕೊಳ್ಳಲೇ ಅಂತ ಕೇಳಿದರು.

ಅಪ್ಪ ಅದನ್ನು ಮೇಜಿನಿಂದ ತೆಗೆದುಕೊಂಡು, ಒದ್ದೆಯನ್ನು ಅಂಗಿಯ ತುದಿಯಲ್ಲಿ ಒರೆಸಿ, ಬಲಗೈಗೆ ಎಡಗೈ ಮುಟ್ಟಿಸಿ ಅವರ ಕೈಗೆ ಕೊಟ್ಟರು.